ಚಿತ್ರದುರ್ಗ ಸೀಮೆಯ ಕಾಲಪಟಕ್ಕೆ ಸಂಶಯರೇಖೆ

೧. ಪ್ರಸ್ತಾವನೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಪ್ರಾಚೀನಾವಶೇಷಗಳನ್ನು ಕಾಲಾನುಕ್ರಮವಾಗಿ ಜೋಡಿಸಿ, ಒಂದೇ ಪಟದಲ್ಲಿ ನೋಡುವವರ ಕಣ್ಣಿಗೆ ಬೀಳುವಂತೆ ಮಾಡಬೇಕೆಂಬ ಆಸೆಯು ನನಗೆ ಬಹುಕಾಲದಿಂದ ಇದ್ದಿತು. ಹನ್ನೆರಡು ವರ್ಷಗಳ ಹಿಂದೆ ಅಂತಹುದೊಂದು ಪಟವನ್ನು ಸಿದ್ಧಪಡಿಸಿಯೂ ಇದ್ದೆನು. ಆ ಪಟವು ತಪ್ಪಾಗಿದ್ದಿತು. ಆ ತಪ್ಪು ಎಂತಹುದು, ಅದನ್ನು ತಿದ್ದುವ ಬಗೆ ಯಾವುದು, ತಿದ್ದುವಾಗ ಹೊಸ ತಪ್ಪುಗಳು ಯಾವ ದಾರಿಯಿಂದ ನುಸುಳುತ್ತವೆ ಎಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ತಪ್ಪಿನ ಕಥೆ ಚಿಕ್ಕದು. ಹೊಸದುರ್ಗ ತಾಲ್ಲೂಕಿನ ಒಂದು ಗ್ರಾಮದಲ್ಲಿಯೂ ಹೊಳಲ್ಕೆರೆ ತಾಲ್ಲೂಕಿನ ಇನ್ನೊಂದು ಗ್ರಾಮದಲ್ಲಿಯೂ ಶಕವರ್ಷವಿಲ್ಲದ ಒಂದೊಂದು ವೀರಗಲ್ಲನ್ನು ನಾನು ಓದಿದ್ದೆನು. ಲಿಪಿಯ ರೂಪವನ್ನು ಹಿಡಿದು ಮೊದಲನೆಯದಕ್ಕೆ ಸುಮಾರು ಕ್ರಿ. ಶ. ೮೪೦ ಎಂದೂ ಎರಡನೆಯದಕ್ಕೆ ಸುಮಾರು ೮೮೦ ಎಂದೂ ಟಿಪ್ಪಣಿಯಲ್ಲಿ ಬರೆದುಕೊಂಡೆನು. ಪಟವನ್ನು ಬರೆಯುವಾಗ ಎರಡು ಕಡೆಯೂ ಒಂದೊಂದು ಚುಕ್ಕೆಯನ್ನಿಟ್ಟೆನು. ‘ಸುಮಾರು’ ಎಂಬ ಮೂರಕ್ಷರಗಳಿಗೆ ಚುಕ್ಕೆಯಲ್ಲಿ ಸ್ಥಳವಿರಲಿಲ್ಲ, ಅವು ಉದುರಿಹೋದವು. ಕೆಲವು ವರ್ಷಗಳಾದ ಮೇಲೆ ಆ ಕಡೆಗೆ ಹೋದಾಗ, ಮೊದಲನೆಯ ಗ್ರಾಮದವರು ತಮ್ಮ ಕಲ್ಲಿನ ಬಳಿ ಹಲಗೆಯೊಂದನ್ನು ನೆಟ್ಟು, ಅದರಲ್ಲಿ ‘ಕ್ರಿ. ಶ. ೮೪೦’ ಎಂದು ಬರೆಯಿಸಿ, ತಮ್ಮ ಊರು ನೆರೆಯೂರಿಗಿಂತ ನಲವತ್ತು ವರ್ಷ ಹಿರಿದೆಂದು ಹೇಳಿಕೊಳ್ಳುತ್ತಿದ್ದುದನ್ನು ಕಂಡೆನು. ಎರಡನೆಯ ಗ್ರಾಮದ ಹಿರಿಯರೊಬ್ಬರು ನನ್ನನ್ನು ತಡೆದು, ‘ಏನು ಪಂಡಿತರೇ, ನಮ್ಮೂರನ್ನು ಕಿರಿದು ಮಾಡಿಬಿಟ್ಟಿರಲ್ಲ; ನಲವತ್ತು ವರ್ಷವನ್ನು ಯಾವ ಅಕ್ಷರದಲ್ಲಿ ಓದಿದಿರಿ?’ ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಲಿಪಿಯನ್ನು ಮಾತ್ರ ನೋಡಿ ಕಾಲವನ್ನು ಹೇಳುವವನು ಹಿಂದಕ್ಕೆ ಐವತ್ತು, ಮುಂದಕ್ಕೆ ಐವತ್ತು ವರ್ಷಗಳನ್ನಾದರೂ ಬಿಟ್ಟುಕೊಟ್ಟೇ ಮಾತನಾಡಬೇಕು. ಹಾಗೆ ಬಿಟ್ಟುಕೊಟ್ಟರೆ ಆ ಎರಡು ಕಲ್ಲುಗಳಲ್ಲಿ ಯಾವುದು ಹಿರಿದೆಂದು ಹೇಳಲು ಆಧಾರವೇ ಉಳಿಯುವುದಿಲ್ಲ.

೨. ಹೆಸರು ಮತ್ತು ತತ್ತ್ವ

ಗಣಿತಜ್ಞರು ಇಂತಹ ಸಂದರ್ಭದಲ್ಲಿ ಚುಕ್ಕೆಯ ಇಕ್ಕೆಲಗಳಿಗೂ ಒಂದು ಗೆರೆಯನ್ನೆಳೆದು, ‘ನಿಜವಾದ ಬೆಲೆಯು ಈ ಗೆರೆಯೊಳಗೆ ಎಲ್ಲಿಯಾದರೂ ಇರಬಹುದು’ ಎಂದು ಸೂಚಿಸುತ್ತಾರೆ. ಇದಕ್ಕೆ ಎರರ್ ಬಾರ್ ಎಂದು ವಾಡಿಕೆಯ ಹೆಸರು. ಕೆಲವರು ಇದನ್ನು ದೋಷರೇಖೆ ಎಂದು ಕನ್ನಡಿಸಿರುವರು. ದೋಷವೆಂದರೆ ಮಾಡಿದವನ ಅಪರಾಧವೆಂದು ನಮ್ಮ ಜನರು ತಿಳಿಯುವುದರಿಂದ ಆ ಹೆಸರು ನನಗೆ ಒಪ್ಪಿಗೆಯಾಗದು. ಅಳತೆಗೋಲು ಎಷ್ಟೇ ಶುದ್ಧವಾಗಿರಲಿ, ಅಳೆಯುವವನು ಎಷ್ಟೇ ನಿಪುಣನಾಗಿರಲಿ, ಕೊನೆಗೆ ಉಳಿಯುವ ಅನಿಶ್ಚಯವನ್ನು ತೋರಿಸುವ ಗೆರೆಯಿದು. ಆದುದರಿಂದ ಇಲ್ಲಿ ಅದನ್ನು ಸಂಶಯರೇಖೆ ಎಂದು ಕರೆಯುತ್ತೇನೆ.

ಈ ಹೆಸರಿಗೆ ನಮ್ಮ ಶಾಸ್ತ್ರದಲ್ಲಿಯೇ ಆಧಾರವಿದೆ. ನ್ಯಾಯಶಾಸ್ತ್ರವು ಎಣಿಸುವ ಹದಿನಾರು ಪದಾರ್ಥಗಳಲ್ಲಿ ಸಂಶಯವೂ ಒಂದು, ನಿರ್ಣಯವೂ ಒಂದು. ಸಂಶಯವು ಮೊದಲು ಬರುತ್ತದೆ, ನಿರ್ಣಯವು ಅನಂತರ ಬರುತ್ತದೆ. ಮುಸ್ಸಂಜೆಯಲ್ಲಿ ದೂರದಿಂದ ಕಂಡದ್ದು ಮೋಟುಮರವೋ ಮನುಷ್ಯನೋ ಎಂಬ ಪ್ರಸಿದ್ಧ ದೃಷ್ಟಾಂತವನ್ನು ಪಾಠಶಾಲೆಯ ಬಾಲಕರೂ ಬಲ್ಲರು. ಹಾಗೆ ಸಂದೇಹಪಡುವವನು ಅಜ್ಞಾನಿಯಲ್ಲ. ಕಂಡದ್ದಿಷ್ಟು, ಕಾಣದುದಿಷ್ಟು ಎಂದು ವಿಂಗಡಿಸಿಕೊಂಡವನು. ಸಂಶಯವನ್ನು ಮರೆಮಾಡಿ ನಿರ್ಣಯವನ್ನು ಸಾರುವವನು ನೈಯಾಯಿಕನೆನಿಸಲಾರನು.

ಅಳತೆಯಲ್ಲಿ ಉಳಿಯುವ ಅನಿಶ್ಚಯವನ್ನೇ ಅಳೆಯಬಹುದೆಂಬ ವಿಚಾರವು ಪಶ್ಚಿಮದಲ್ಲಿ ಗ್ರಹಗತಿಯ ಲೆಕ್ಕದಿಂದ ಬೆಳೆಯಿತು. ಲೆಜಾಂಡ್ರನು ೧೮೦೫ರಲ್ಲಿಯೂ ಗೌಸನು ೧೮೦೯ರಲ್ಲಿಯೂ ಪ್ರಕಟಿಸಿದ ಗ್ರಂಥಗಳು ಇದಕ್ಕೆ ಬುನಾದಿ. ಭಾರತದಲ್ಲಿ ಪ್ರಶಾಂತಚಂದ್ರ ಮಹಲನೋಬಿಸರು ೧೯೩೧ರಲ್ಲಿ ಕಲ್ಕತ್ತೆಯಲ್ಲಿ ಸಂಖ್ಯಾಶಾಸ್ತ್ರದ ಸಂಸ್ಥೆಯನ್ನು ಸ್ಥಾಪಿಸಿ, ಬಂಗಾಳದ ಸೆಣಬಿನ ಬೆಳೆಯ ಅಂದಾಜಿನಲ್ಲಿ ಬೆಳೆಯೆಷ್ಟೆಂಬುದರ ಜೊತೆಗೆ ಆ ಅಂದಾಜಿನ ತಪ್ಪೆಷ್ಟೆಂಬುದನ್ನೂ ಕಂಡುಹಿಡಿಯುವ ಕ್ರಮವನ್ನು ಆಚರಣೆಗೆ ತಂದರು. ಅದೇ ಸಂಸ್ಥೆಯಲ್ಲಿ ಬೆಳಗಿದ ಕಲ್ಯಂಪುಡಿ ರಾಧಾಕೃಷ್ಣ ರಾಯರು ಹುಟ್ಟಿದುದು ೧೯೨೦ರಲ್ಲಿ, ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹೂವಿನಹಡಗಲಿಯಲ್ಲಿ. ಅವರು ೨೦೨೩ರಲ್ಲಿ ತೀರಿಕೊಂಡರು. ಅವರು ೧೯೪೫ರಲ್ಲಿ ಸಾಧಿಸಿದ ಸಿದ್ಧಾಂತವೊಂದು ಈಗ ಕ್ರಾಮೆರ್ ಎಂಬ ಸ್ವೀಡನ್ ದೇಶದ ವಿದ್ವಾಂಸರ ಹೆಸರಿನೊಡನೆ ಸೇರಿ ಪ್ರಸಿದ್ಧವಾಗಿದೆ. ಅದರ ತಾತ್ಪರ್ಯವಿಷ್ಟು: ಕೈಯಲ್ಲಿರುವ ಸಾಮಗ್ರಿಯು ಇಷ್ಟೆಂದಾದ ಮೇಲೆ, ಪಕ್ಷಪಾತವಿಲ್ಲದ ಯಾವ ಅಂದಾಜಿನ ಚಂಚಲತೆಯನ್ನೂ ಒಂದು ಮಿತಿಗಿಂತ ಕೆಳಗೆ ಇಳಿಸಲಾಗದು, ಎಣಿಸುವವನ ಜಾಣ್ಮೆಯು ಆ ಮಿತಿಯನ್ನು ದಾಟಲಾರದು. ಈ ಸಿದ್ಧಾಂತವು ಗಣಿತದ ಕ್ಷೇತ್ರಕ್ಕೆ ಸೇರಿದುದು; ಶಿಲಾಶಾಸನಕ್ಕೆ ಹಾಗೆಯೇ ಅನ್ವಯಿಸತಕ್ಕದ್ದಲ್ಲ. ಆದರೆ ಅದರ ನೀತಿ ನಮಗೂ ಸಲ್ಲುತ್ತದೆ. ಸವೆದ ನಾಲ್ಕು ಸಾಲುಗಳ ವೀರಗಲ್ಲಿನಿಂದ ನಿಖರವಾದ ವರ್ಷವನ್ನು ಹಿಂಡಲು ಯಾವ ಪಂಡಿತನಿಂದಲೂ ಆಗದು.

೩. ಮಾರಿಕಣಿವೆಯ ದೃಷ್ಟಾಂತ

ಕಾಲನಿರ್ಣಯಕ್ಕೆ ಹೋಗುವ ಮುನ್ನ ಎಲ್ಲರೂ ಬಲ್ಲ ಒಂದು ವಿಷಯದಲ್ಲಿ ಈ ರೇಖೆಯ ಅರ್ಥವನ್ನು ನೋಡುವುದು ಲೇಸು. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣೀವಿಲಾಸ ಸಾಗರದ ಕೆಲಸವು ೧೮೯೮ರಲ್ಲಿ ಮೊದಲಾಗಿ ೧೯೦೭ರಲ್ಲಿ ಮುಗಿಯಿತು. ಅದರ ಪೂರ್ಣ ಮಟ್ಟವು ೧೩೦ ಅಡಿ. ಆ ಮಟ್ಟಕ್ಕೆ ನೀರು ಮೊದಲು ಬಂದುದು ೧೯೩೩ರಲ್ಲಿ. ಎರಡನೆಯ ಬಾರಿ ಬಂದುದು ೨೦೨೨ರಲ್ಲಿ. ಮೂರನೆಯ ಬಾರಿ ೨೦೨೫ರ ಜನವರಿಯಲ್ಲಿ. ಮೊದಲನೆಯ ಮತ್ತು ಎರಡನೆಯ ಬಾರಿಗಳ ನಡುವೆ ಎಂಬತ್ತೊಂಬತ್ತು ವರ್ಷ. ಎರಡನೆಯ ಮತ್ತು ಮೂರನೆಯ ಬಾರಿಗಳ ನಡುವೆ ಮೂರು ವರ್ಷವೂ ಇಲ್ಲ. ಈ ಮೂರು ವರ್ಷಗಳಿಂದ ಸರಾಸರಿ ತೆಗೆದು ‘ಸಾಗರವು ಸುಮಾರು ನಲವತ್ತಾರು ವರ್ಷಗಳಿಗೊಮ್ಮೆ ತುಂಬುತ್ತದೆ’ ಎಂದು ಯಾರಾದರೂ ಬರೆದರೆ, ಅಂಕಗಣಿತದಲ್ಲಿ ತಪ್ಪಿಲ್ಲ; ಆದರೆ ಆ ಮಾತಿನಿಂದ ಗದ್ದೆಯ ಒಡೆಯನಿಗೆ ಏನೂ ತಿಳಿಯುವುದಿಲ್ಲ. ಮೇಲಾಗಿ ಈಚಿನ ವರ್ಷಗಳಲ್ಲಿ ಭದ್ರೆಯ ನೀರನ್ನೂ ಈ ಸಾಗರಕ್ಕೆ ಹರಿಸಿರುವುದರಿಂದ ೧೯೩೩ರ ತುಂಬುವಿಕೆಯೂ ಈಚಿನವೂ ಒಂದೇ ಜಾತಿಯವಲ್ಲ. ಸರಾಸರಿಯೊಂದನ್ನೇ ಹೇಳಿ ಚದುರುವಿಕೆಯನ್ನು ಹೇಳದಿರುವುದು ಅರ್ಧಸತ್ಯವೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನ ನಮ್ಮ ಸೀಮೆಯಲ್ಲಿ ಬೇರೆ ಬೇಡ.

ಆದರೆ ರೇಖೆಯನ್ನು ಎಳೆದ ಮಾತ್ರಕ್ಕೆ ಕೆಲಸವು ಮುಗಿಯುವುದಿಲ್ಲ. ಲೆಕ್ಕದ ಸೌಕರ್ಯಕ್ಕಾಗಿ ಐದು ವರ್ಷಗಳ ಮಳೆಯನ್ನು ೩೦, ೫೦, ೨೦, ೬೦, ೪೦ ಸೆಂಟಿಮೀಟರುಗಳೆಂದು ಕಲ್ಪಿಸೋಣ. ಇದು ಕೇವಲ ಕಲ್ಪನೆ. ಯಾವ ಊರಿನ ದಾಖಲೆಯೂ ಅಲ್ಲ. ಸರಾಸರಿ ೪೦. ಪ್ರತಿಯೊಂದು ವರ್ಷದ ವ್ಯತ್ಯಾಸವನ್ನೂ ವರ್ಗಮಾಡಿ ಕೂಡಿದರೆ ೧೦೦೦. ಅದನ್ನು ನಾಲ್ಕರಿಂದ ಭಾಗಿಸಿ ವರ್ಗಮೂಲವನ್ನು ತೆಗೆದರೆ ಸುಮಾರು ೧೬. ಇದು ವರ್ಷದಿಂದ ವರ್ಷಕ್ಕೆ ಮಳೆಯು ಎಷ್ಟು ಚದುರುತ್ತದೆಂಬುದರ ಅಳತೆ. ಇದನ್ನು ಐದರ ವರ್ಗಮೂಲದಿಂದ ಭಾಗಿಸಿದರೆ ಸುಮಾರು ೭; ಇದು ಸರಾಸರಿಯನ್ನು ನಾವು ಎಷ್ಟು ಚೆನ್ನಾಗಿ ಬಲ್ಲೆವೆಂಬುದರ ಅಳತೆ. ನೂರಕ್ಕೆ ತೊಂಬತ್ತೈದರ ಭರವಸೆಯ ಎಲ್ಲೆ ಬೇಕೆಂದರೆ, ಐದೇ ಸಂಖ್ಯೆಗಳಿರುವುದರಿಂದ, ಆ ಏಳನ್ನು ೨.೭೮ರಿಂದ ಗುಣಿಸಬೇಕು, ಆಗ ಸುಮಾರು ೨೦ ಬರುತ್ತದೆ. ಅಂಕಿಗಳು ಅವೇ, ರೇಖೆ ಮಾತ್ರ ಒಬ್ಬನ ಕೈಯಲ್ಲಿ ೧೬, ಇನ್ನೊಬ್ಬನ ಕೈಯಲ್ಲಿ ೭, ಮತ್ತೊಬ್ಬನ ಕೈಯಲ್ಲಿ ೨೦. ಪಟದ ಕೆಳಗೆ ‘ರೇಖೆಯು ಇಂತಹುದನ್ನು ಸೂಚಿಸುತ್ತದೆ’ ಎಂದು ಬರೆಯದಿದ್ದರೆ ನೋಡುವವನು ತನಗೆ ತೋಚಿದಂತೆ ಅರ್ಥಮಾಡಿಕೊಳ್ಳುವನು. ವಾದದಲ್ಲಿ ಗೆಲ್ಲಬೇಕೆಂಬುವನು ಚಿಕ್ಕ ರೇಖೆಯನ್ನೇ ಆರಿಸಿಕೊಳ್ಳುವನೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಗಣಕಯಂತ್ರವೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ಪೈಥಾನ್ ಭಾಷೆಯ ನಮ್‌ಪೈ ಎಂಬ ಗಣಿತಭಂಡಾರವು ಬೇರೆ ಹೇಳದಿದ್ದರೆ ಮೇಲಿನ ೧೦೦೦ವನ್ನು ಐದರಿಂದಲೇ ಭಾಗಿಸಿ ಸುಮಾರು ೧೪ ಎಂದು ಉತ್ತರವೀಯುತ್ತದೆ. ಆರ್ ಎಂಬ ಭಾಷೆಯು ನಾಲ್ಕರಿಂದ ಭಾಗಿಸಿ ಸುಮಾರು ೧೬ ಎನ್ನುತ್ತದೆ. ಎರಡಕ್ಕೂ ಶಾಸ್ತ್ರದಲ್ಲಿ ಸ್ಥಾನವುಂಟು: ಇರುವ ಐದು ವರ್ಷಗಳೇ ಸರ್ವಸ್ವವೆಂದರೆ ಮೊದಲನೆಯದು, ಅವು ದೀರ್ಘಕಾಲದ ಮಳೆಯ ಮಾದರಿ ಮಾತ್ರವೆಂದರೆ ಎರಡನೆಯದು. ಪಂಚಾಂಗದ ಕರ್ತೃವು ಯಾವ ಸಿದ್ಧಾಂತವನ್ನು ಅನುಸರಿಸಿದನೆಂದು ಮೊದಲ ಪುಟದಲ್ಲಿಯೇ ಹೇಳುವಂತೆ, ಇಲ್ಲಿಯೂ ಹೇಳಿಬಿಡಬೇಕು.

೪. ನಮ್ಮ ಸೀಮೆಯ ಕಾಲಸಾಧನಗಳು

ಇನ್ನು ಪ್ರಕೃತಕ್ಕೆ ಬರೋಣ. ಮಳೆಯ ಲೆಕ್ಕದಲ್ಲಿ ಅನಿಶ್ಚಯವು ಚದುರಿದ ಅಂಕಿಗಳಿಂದಲೇ ಹುಟ್ಟುತ್ತದೆ. ಇತಿಹಾಸದಲ್ಲಿ ಅದು ಬೇರೆ ಬೇರೆ ಮೂಲಗಳಿಂದ ಹುಟ್ಟುತ್ತದೆ. ಚಿತ್ರದುರ್ಗ ಸೀಮೆಯ ಸಾಧನಗಳನ್ನು ಈ ದೃಷ್ಟಿಯಿಂದ ನಾಲ್ಕು ವರ್ಗಗಳಾಗಿ ವಿಂಗಡಿಸಬಹುದೆಂದು ತೋರುತ್ತದೆ.

ಮೊದಲನೆಯದು, ಶಕವರ್ಷವುಳ್ಳ ಶಾಸನಗಳು. ನಾಗಮಂಗಲದ ಬಳಿಯ ದೇವರಹಳ್ಳಿಯಲ್ಲಿ ದೊರೆತ ಗಂಗ ಶ್ರೀಪುರುಷನ ತಾಮ್ರಪಟವು ಶಕ ೬೯೮ ಎಂದೂ ಆತನ ಆಳಿಕೆಯ ೫೦ನೆಯ ವರ್ಷವೆಂದೂ ಹೇಳುತ್ತದೆ. ಅದರಲ್ಲಿ ಬರುವ ನಿರ್ಗುಂದವನ್ನು ಹೊಸದುರ್ಗ ತಾಲ್ಲೂಕಿನ ನೀರಗುಂದವೆಂದು ಗುರುತಿಸಿರುವುದರಿಂದ ಈ ಶಾಸನವು ನಮ್ಮ ಸೀಮೆಗೂ ಸಂಬಂಧಿಸಿದೆ. ಶಕವರ್ಷವು ಗತವೆಂದು ಹಿಡಿದರೆ ಕ್ರಿ. ಶ. ೭೭೬–೭೭೭, ಪಟ್ಟವು ಸುಮಾರು ೭೨೬ರಲ್ಲಿ ಆಯಿತೆಂದು ತಿಳಿಯುತ್ತದೆ. ಚೈತ್ರದಿಂದ ಮೊದಲಾಗುವ ವರ್ಷವು ಎರಡು ಕ್ರಿಸ್ತವರ್ಷಗಳಲ್ಲಿ ಹರಡಿಕೊಳ್ಳುವುದರಿಂದಲೂ, ಶಾಸನದ ವರ್ಷವು ಗತವೋ ವರ್ತಮಾನವೋ ಎಂಬ ಪ್ರಶ್ನೆ ಇರುವುದರಿಂದಲೂ ಹೆಚ್ಚೆಂದರೆ ಒಂದು ವರ್ಷದ ಸಂಶಯವುಳಿಯುತ್ತದೆ. ಸಂವತ್ಸರ, ಮಾಸ, ತಿಥಿ, ವಾರಗಳು ಪರಸ್ಪರ ಹೊಂದಿಕೊಂಡರೆ ಅದೂ ಅಳಿಯುತ್ತದೆ. ಇಂತಹವುಗಳಿಗೆ ರೇಖೆಯು ಚುಕ್ಕೆಯೊಳಗೇ ಅಡಗಿಹೋಗುವಷ್ಟು ಚಿಕ್ಕದು.

ಎರಡನೆಯದು, ವರ್ಷವಿಲ್ಲದ ಶಾಸನಗಳು. ಚಿತ್ರದುರ್ಗದ ಬೆಟ್ಟದ ಮಗ್ಗುಲಲ್ಲಿ ಚಂದ್ರವಳ್ಳಿಯ ಭೈರವೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ ಮೂರು ಸಾಲುಗಳ ಪ್ರಾಕೃತ ಶಾಸನವಿದೆ. ಕದಂಬ ಮಯೂರಶರ್ಮನು ಕಟ್ಟಿಸಿದ ಕೆರೆಯನ್ನು ಅದು ಹೇಳುತ್ತದೆ. ಮೈಸೂರಿನ ಪ್ರಾಚ್ಯಶೋಧನ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣರವರು ೧೯೨೯ರ ವರದಿಯಲ್ಲಿ ಅದನ್ನು ಪ್ರಕಟಿಸಿ, ಕ್ರಿ. ಶ. ೩ನೆಯ ಶತಮಾನದ ಮಧ್ಯಭಾಗಕ್ಕೆ ಸೇರಿಸಿದರು. ಅನಂತರದ ವಿದ್ವಾಂಸರಲ್ಲಿ ಹಲವರು ಮಯೂರಶರ್ಮನನ್ನು ೪ನೆಯ ಶತಮಾನದ ಮಧ್ಯಕ್ಕೆ, ಅಂದರೆ ೩೪೫ರ ಆಸುಪಾಸಿಗೆ ಇಳಿಸಿರುವರು. ಶಾಸನವೂ ಒಂದೇ, ರಾಜನೂ ಒಬ್ಬನೇ. ವಿದ್ವಾಂಸರ ನಡುವಣ ಅಂತರವು ಮಾತ್ರ ಸುಮಾರು ಒಂದು ನೂರು ವರ್ಷ. ಆ ವಂಶದ ಕಾಕುಸ್ಥವರ್ಮನ ಹಲಸಿಯ ತಾಮ್ರಪಟದಲ್ಲಿ ೮೦ನೆಯ ವರ್ಷವೆಂಬ ಸ್ಪಷ್ಟವಾದ ಸಂಖ್ಯೆಯೇ ಇದೆ. ಅದನ್ನು ಗುಪ್ತಶಕೆಯೆಂದರೆ ಕ್ರಿ. ಶ. ೪೦೦ರ ಹತ್ತಿರ ಬರುತ್ತದೆ. ಮಯೂರಶರ್ಮನ ಅಭ್ಯುದಯದಿಂದ ಎಣಿಸಿದುದೆಂದರೆ, ಆತನ ಕಾಲವು ಯಾವ ಕಡೆಗೆ ಜರುಗಿದರೂ ಇದೂ ಆ ಕಡೆಗೇ ಜರುಗುತ್ತದೆ. ಸಂಖ್ಯೆಯು ಖಚಿತ, ಅದನ್ನು ನೆಟ್ಟ ಗೂಟವು ಅನಿಶ್ಚಿತ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ೧೮೯೨ರಲ್ಲಿ ರೈಸರು ಕಂಡುಹಿಡಿದ ಅಶೋಕನ ಶಾಸನದಲ್ಲಿರುವ ೨೫೬ ಎಂಬ ಸಂಖ್ಯೆಯದೂ ಇದೇ ಪಾಡು. ಬುದ್ಧನಿರ್ವಾಣದಿಂದ ಎಣಿಸಿದ ವರ್ಷಗಳೆಂದು ಕೆಲವರೂ, ರಾಜನು ಯಾತ್ರೆಯಲ್ಲಿ ಕಳೆದ ರಾತ್ರಿಗಳೆಂದು ಕೆಲವರೂ ಅದನ್ನು ಅರ್ಥೈಸಿದರು.

ಮೂರನೆಯದು, ಒಂದೇ ಕಡೆಗೆ ಎಲ್ಲೆಯುಳ್ಳ ಸಾಧನಗಳು. ಚಂದ್ರವಳ್ಳಿಯ ಉತ್ಖನನದಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸನ ಬೆಳ್ಳಿಯ ನಾಣ್ಯ ದೊರೆಯಿತು. ಆತನು ಆಳಿದುದು ಕ್ರಿ. ಶ. ೧೪ರಿಂದ ೩೭ರವರೆಗೆ. ಈ ನಾಣ್ಯವು ಬಿದ್ದ ಮಣ್ಣಿನ ಪದರವು ೧೪ಕ್ಕಿಂತ ಹಿಂದಿನದಾಗಿರಲಾರದು. ಆದರೆ ಎಷ್ಟು ಮುಂದಿನದಾಗಿರಬಹುದೆಂಬುದನ್ನು ನಾಣ್ಯವು ಹೇಳದು. ಬೆಳ್ಳಿಯ ನಾಣ್ಯವು ಕೈಯಿಂದ ಕೈಗೆ ನೂರು ವರ್ಷ ನಡೆದಿರಬಹುದು. ಇದಕ್ಕೆ ಇಕ್ಕೆಲದ ರೇಖೆಯನ್ನು ಎಳೆಯುವುದು ಅನ್ಯಾಯ; ಮುಂದಕ್ಕೆ ಚಾಚಿದ ಬಾಣವೊಂದೇ ಉಚಿತ.

ನಾಲ್ಕನೆಯದು, ನೆಲದಿಂದ ತೆಗೆದ ಪದರಗಳು. ಮಾರ್ಟಿಮರ್ ವ್ಹೀಲರರು ೧೯೪೭ರಲ್ಲಿ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಅಗೆಯಿಸಿ, ಬೃಹಚ್ಛಿಲಾಸಮಾಧಿಗಳ ಸಂಸ್ಕೃತಿಯನ್ನು ಕ್ರಿ. ಪೂ. ೨ನೆಯ ಶತಮಾನದ ಆರಂಭದಿಂದ ಕ್ರಿ. ಶ. ೧ನೆಯ ಶತಮಾನದ ಮಧ್ಯದವರೆಗೂ, ಅದಕ್ಕೆ ಹಿಂದಿನ ಶಿಲಾಕುಠಾರ ಸಂಸ್ಕೃತಿಯನ್ನು ಕ್ರಿ. ಪೂ. ೧ನೆಯ ಸಹಸ್ರಮಾನದ ಒಳಗೂ ಇರಿಸಿದರು. ಅವರ ಗಣನೆಗೆ ಆಧಾರವು ಚಕ್ರರೇಖೆಗಳುಳ್ಳ ಒಂದು ಬಗೆಯ ಮಡಕೆ. ಆ ಮಡಕೆಯ ಕಾಲವನ್ನು ಅವರು ೧೯೪೫ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ರೋಮಿನ ಸರಕುಗಳ ಸಹವಾಸದಿಂದ ನಿರ್ಧರಿಸಿದ್ದರು. ಮುಂದೆ ೧೯೮೩ರಲ್ಲಿ ವಿಮಲಾ ಬೆಗ್ಲಿಯವರು ಅರಿಕಮೇಡಿನ ಸಾಕ್ಷ್ಯವನ್ನು ಮರುಪರಿಶೀಲಿಸಿ, ಆ ಮಡಕೆಯು ಕ್ರಿಸ್ತಪೂರ್ವಕ್ಕೂ ಹೋಗುವುದೆಂದು ವಾದಿಸಿದರು. ಇಂಗಾಲ-೧೪ರ ಪರೀಕ್ಷೆಗಳು ದಕ್ಷಿಣದ ಇತರ ನೆಲೆಗಳಿಂದ ಒದಗಿದ ಮೇಲೆ ಕಬ್ಬಿಣದ ಯುಗವು ಕ್ರಿ. ಪೂ. ೧೦೦೦ದ ಆಚೀಚೆಗೂ, ನವಶಿಲಾಯುಗವು ಕ್ರಿ. ಪೂ. ೩ನೆಯ ಸಹಸ್ರಮಾನಕ್ಕೂ ಹಿಂದೆ ಸರಿದವು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ವ್ಹೀಲರರ ಪದರಗಳ ಅನುಕ್ರಮವು ಕೆಡಲಿಲ್ಲ. ಶಿಲಾಕುಠಾರವು ಕೆಳಗೆ, ಸಮಾಧಿಗಳ ಕಾಲದ್ದು ಅದರ ಮೇಲೆ, ಶಾತವಾಹನರ ಕಾಲದ್ದು ಇನ್ನೂ ಮೇಲೆ ಎಂಬುದು ಇಂದಿಗೂ ನಿಂತಿದೆ. ಜರುಗಿದುದು ಇಡೀ ಏಣಿ. ಪ್ರತಿಯೊಂದು ಮೆಟ್ಟಿಲಿನ ಇಕ್ಕೆಲಗಳಲ್ಲಿಯೂ ಅವರು ಐವತ್ತು ವರ್ಷಗಳ ರೇಖೆಯನ್ನು ಎಳೆದಿದ್ದರೂ ಆ ರೇಖೆಯು ಈ ಜರುಗುವಿಕೆಯನ್ನು ತೋರಿಸುತ್ತಿರಲಿಲ್ಲ. ಅಳತೆಯ ಚಂಚಲತೆಯು ಒಂದು. ಅಳತೆಗೋಲೇ ಬಾಗಿರುವುದು ಇನ್ನೊಂದು. ಸಂಶಯರೇಖೆಯು ಮೊದಲನೆಯದನ್ನು ಹೇಳುತ್ತದೆ, ಎರಡನೆಯದನ್ನು ಹೇಳದು. ಆದುದರಿಂದ ‘ಈ ಕಾಲವು ಇಂತಹ ಆಧಾರವನ್ನು ಅವಲಂಬಿಸಿದೆ’ ಎಂಬ ಒಂದು ಮಾತು ಪಟದ ಕೆಳಗೆ ಅವಶ್ಯವಾಗಿ ಇರತಕ್ಕದ್ದು.

ಇಂಗಾಲದ ಪರೀಕ್ಷೆಯನ್ನು ಲಿಬ್ಬಿ ಎಂಬ ಅಮೆರಿಕದ ವಿಜ್ಞಾನಿಯು ೧೯೪೯ರಲ್ಲಿ ಪ್ರಕಟಪಡಿಸಿದನು. ಅದರ ಫಲಿತಾಂಶವು ಎಂದಿಗೂ ಒಂಟಿ ಸಂಖ್ಯೆಯಾಗಿ ಬರುವುದಿಲ್ಲ. ೧೯೫೦ಕ್ಕೆ ಹಿಂದೆ ಇಷ್ಟು ವರ್ಷ, ಹೆಚ್ಚು ಕಡಮೆ ಇಷ್ಟು, ಎಂದೇ ಬರುತ್ತದೆ. ಆ ‘ಹೆಚ್ಚು ಕಡಮೆ’ಯೊಳಗೆ ನಿಜವಾದ ಬೆಲೆಯು ಬೀಳುವ ಭರವಸೆ ನೂರಕ್ಕೆ ಸುಮಾರು ಅರವತ್ತೆಂಟು, ಅದರ ಇಮ್ಮಡಿಯೊಳಗೆ ಬೀಳುವ ಭರವಸೆ ಸುಮಾರು ತೊಂಬತ್ತೈದು. ಅಷ್ಟೇ ಅಲ್ಲದೆ, ವಾತಾವರಣದ ಇಂಗಾಲವು ಎಲ್ಲ ಕಾಲದಲ್ಲಿಯೂ ಒಂದೇ ಪ್ರಮಾಣದಲ್ಲಿ ಇರಲಿಲ್ಲವಾದುದರಿಂದ ಈ ಸಂಖ್ಯೆಯನ್ನು ಮರದ ಬಳೆಗಳಿಂದಲೂ ಇತರ ಸಾಧನಗಳಿಂದಲೂ ಸಿದ್ಧಪಡಿಸಿದ ವಕ್ರರೇಖೆಯೊಡನೆ ಹೋಲಿಸಿ ಕ್ಯಾಲೆಂಡರಿನ ವರ್ಷಗಳಿಗೆ ಪರಿವರ್ತಿಸಬೇಕು. ೨೦೨೦ರಲ್ಲಿ ಇಂತಹ ವಕ್ರರೇಖೆಯ ಪರಿಷ್ಕೃತ ರೂಪವು ಪ್ರಕಟವಾಯಿತು. ಆಕ್ಸ್‌ಫರ್ಡಿನ ಬ್ರಾಂಕ್ ರಾಮ್ಸೆಯವರು ರಚಿಸಿದ ಆಕ್ಸ್‌ಕ್ಯಾಲ್ ಎಂಬ ಗಣಕಕ್ರಮವು ಈ ಪರಿವರ್ತನೆಯನ್ನು ಮಾಡಿಕೊಡುತ್ತದೆ. ಕ್ರಿ. ಪೂ. ೮೦೦ರಿಂದ ೪೦೦ರವರೆಗೆ ಈ ವಕ್ರರೇಖೆಯು ಚಪ್ಪಟೆಯಾಗಿದೆ. ಆ ಕಾಲದ ಇದ್ದಲಿನ ತುಂಡನ್ನು ಮೂವತ್ತು ವರ್ಷಗಳ ಸೂಕ್ಷ್ಮತೆಯಿಂದ ಅಳೆದರೂ ಪರಿವರ್ತನೆಯಾದ ಮೇಲೆ ಅದು ಮೂರು ನಾಲ್ಕು ಶತಮಾನಗಳಲ್ಲಿ ಹರಡಿಕೊಳ್ಳಬಹುದು. ನಮ್ಮ ಸೀಮೆಯ ಶಿಲಾಸಮಾಧಿಗಳ ಕಾಲದ ಒಂದು ದೊಡ್ಡ ಭಾಗವು ಇದರೊಳಗೇ ಬರುವುದರಿಂದ, ಇಲ್ಲಿನ ಚಿಕ್ಕ ರೇಖೆಗಳನ್ನು ಕಂಡರೆ ಸಂತೋಷಕ್ಕಿಂತ ಮೊದಲು ಸಂದೇಹ ಹುಟ್ಟಬೇಕು.

೫. ಪಟವನ್ನು ಬರೆದ ಕ್ರಮ

ನನಗೆ ಗಣಕಯಂತ್ರದ ಭಾಷೆಯನ್ನು ಕಲಿಸಿದವಳು ನನ್ನ ತಮ್ಮನ ಮಗಳು. ಅವಳಿಗೆ ಅಮರಕೋಶವು ಬಾರದು, ನನಗೆ ಪೈಥಾನು ಬಾರದು. ಒಂದು ಬೇಸಿಗೆಯಲ್ಲಿ ಪರಸ್ಪರ ಗುರುಶಿಷ್ಯರಾದೆವು. ಬಳಸಿದುದು ಜಾನ್ ಹಂಟರ್ ಎಂಬವರು ಆರಂಭಿಸಿ ೨೦೦೩ರಲ್ಲಿ ಲೋಕಕ್ಕೆ ಕೊಟ್ಟ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಚಿತ್ರಭಂಡಾರ. ಅದರಲ್ಲಿ ಎರರ್‌ಬಾರ್ ಎಂಬ ಆಜ್ಞೆಯೇ ಉಂಟು. ಇದೇ ಕೆಲಸವನ್ನು ಆರ್ ಭಾಷೆಯಲ್ಲಿಯೂ ಮಾಡಬಹುದು. ಮುಂದೆ ಮಾಡುವವರಿಗೆ ಉಪಯೋಗವಾಗಲೆಂದು ಕ್ರಮವನ್ನು ಸಂಗ್ರಹವಾಗಿ ತಿಳಿಸುತ್ತೇನೆ.

ಮೊದಲು ಒಂದು ಪಟ್ಟಿ. ಅದರಲ್ಲಿ ಆರು ಅಂಕಣಗಳು: ಸಾಧನದ ಹೆಸರು, ಸ್ಥಳ, ನಡುವಣ ವರ್ಷ, ಹಿಂದಿನ ಅಂತರ, ಮುಂದಿನ ಅಂತರ, ಆಧಾರದ ವರ್ಗ. ಹಿಂದಿನ ಅಂತರವನ್ನೂ ಮುಂದಿನ ಅಂತರವನ್ನೂ ಬೇರೆ ಬೇರೆಯಾಗಿ ಇಟ್ಟುದಕ್ಕೆ ಕಾರಣವಿದೆ: ಇತಿಹಾಸದಲ್ಲಿ ಸಂಶಯವು ಎರಡು ಕಡೆಗೂ ಸಮನಾಗಿರುವುದು ಅಪರೂಪ. ಈ ಎರಡು ಅಂಕಣಗಳನ್ನು ಎಕ್ಸ್‌ಎರ್ ಎಂಬ ಸ್ಥಾನದಲ್ಲಿ ಎರಡು ಸಾಲುಗಳಾಗಿ ಕೊಡಬೇಕು. ಮೊದಲನೆಯ ಸಾಲು ಹಿಂದಿನದು, ಎರಡನೆಯದು ಮುಂದಿನದು. ಇಲ್ಲಿ ಹೊಸಬರು ತಪ್ಪುವುದುಂಟು, ನಾನೂ ತಪ್ಪಿದೆನು. ಯಂತ್ರವು ಕೇಳುವುದು ಎಲ್ಲೆಯ ವರ್ಷವನ್ನಲ್ಲ, ನಡುವಣ ವರ್ಷದಿಂದ ಎಲ್ಲೆಗೆ ಇರುವ ದೂರವನ್ನು. ೮೪೦ರ ಕಲ್ಲಿಗೆ ೭೯೦ ಮತ್ತು ೮೯೦ ಎಂದು ಬರೆದರೆ ರೇಖೆಯು ಕ್ರಿ. ಶ. ೫೦ರಿಂದ ೧೭೩೦ರವರೆಗೆ ಓಡುತ್ತದೆ. ೫೦ ಮತ್ತು ೫೦ ಎಂದು ಬರೆಯಬೇಕು.

ಎರಡನೆಯದಾಗಿ, ಏನನ್ನೂ ಹೇಳದಿದ್ದರೆ ಯಂತ್ರವು ಚುಕ್ಕೆಯಿಂದ ಚುಕ್ಕೆಗೆ ಗೆರೆಯನ್ನು ಎಳೆದುಬಿಡುತ್ತದೆ. ಚಂದ್ರವಳ್ಳಿಯ ಬಂಡೆಗೂ ನೀರಗುಂದದ ಅರಸರ ತಾಮ್ರಪಟಕ್ಕೂ ನಡುವೆ ಅಂತಹ ಸಂಬಂಧವೇನೂ ಇಲ್ಲ. ಆಕಾರವನ್ನು ಸೂಚಿಸುವ ಸ್ಥಾನದಲ್ಲಿ ಬರಿಯ ಚುಕ್ಕೆಯ ಸಂಕೇತವನ್ನು ಕೊಟ್ಟರೆ ಆ ಗೆರೆ ನಿಲ್ಲುತ್ತದೆ. ರೇಖೆಯ ತುದಿಗಳಲ್ಲಿ ಅಡ್ಡಗೆರೆ ಬೇಕಾದರೆ ಕ್ಯಾಪ್‌ಸೈಜ್ ಎಂಬುದಕ್ಕೆ ಅಳತೆಯನ್ನು ಕೊಡಬೇಕು; ಕೊಡದಿದ್ದರೆ ಬಾರದು.

ಮೂರನೆಯದಾಗಿ, ಕ್ರಿಸ್ತಪೂರ್ವದ ವರ್ಷಗಳು. ಕ್ರಿ. ಪೂ. ೧ರ ಮರುವರ್ಷವೇ ಕ್ರಿ. ಶ. ೧, ನಡುವೆ ಸೊನ್ನೆಯ ವರ್ಷವಿಲ್ಲ. ಯಂತ್ರದ ಸಂಖ್ಯಾರೇಖೆಯಲ್ಲಿ ಸೊನ್ನೆಯುಂಟು. ಆದುದರಿಂದ ಕ್ರಿ. ಪೂ. ೧ನ್ನು ಸೊನ್ನೆಯೆಂದೂ, ಕ್ರಿ. ಪೂ. ೨ನ್ನು ಋಣ ೧ ಎಂದೂ ಖಗೋಲಜ್ಞರ ರೀತಿಯಲ್ಲಿ ಬರೆದುಕೊಳ್ಳಬೇಕು.

ನಾಲ್ಕನೆಯದಾಗಿ, ಟೈಬೀರಿಯಸನ ನಾಣ್ಯದಂತಹವುಗಳಿಗೆ ‘ಇದು ಕೆಳಗಿನ ಎಲ್ಲೆ ಮಾತ್ರ’ ಎಂದು ತಿಳಿಸುವ ಸ್ಥಾನವೊಂದು ಆ ಆಜ್ಞೆಯಲ್ಲಿದೆ. ಅದನ್ನು ಹೌದೆಂದು ಮಾಡಿದರೆ ಹಿಂದಿನ ರೇಖೆಯು ಮಾಯವಾಗಿ ಮುಂದಕ್ಕೆ ಬಾಣವು ಬರುತ್ತದೆ. ಪಾಶ್ಚಾತ್ಯ ಖಗೋಲಜ್ಞರಿಗೂ ನಮಗೂ ಒಂದೇ ಬಗೆಯ ಅವಶ್ಯಕತೆ ಇರುವುದನ್ನು ಕಂಡು ಸಂತೋಷವಾಯಿತು.

ಐದನೆಯದು ಮುಖ್ಯವಾದುದು. ನಾಲ್ಕು ವರ್ಗಗಳ ಸಂಶಯವನ್ನು ಒಂದೇ ರೂಪದ ರೇಖೆಯಿಂದ ತೋರಿಸಕೂಡದು. ನೂರಕ್ಕೆ ತೊಂಬತ್ತೈದರ ಭರವಸೆಯು ಪರೀಕ್ಷಾಲಯದಿಂದ ಬಂದ ಗಣಿತ; ಲಿಪಿಯ ಐವತ್ತು ವರ್ಷಗಳು ಓದುವವನ ಅನುಭವದ ಮಾತು. ಎರಡೂ ಒಂದೇ ಗೆರೆಯಾಗಿ ಕಂಡರೆ ನನ್ನ ಅಂದಾಜಿಗೆ ಪರೀಕ್ಷಾಲಯದ ಗೌರವವು ಕದ್ದು ಬಂದಂತಾಗುತ್ತದೆ. ಅದಕ್ಕಾಗಿ ಶಕವರ್ಷವುಳ್ಳವಕ್ಕೆ ತುಂಬಿದ ಚುಕ್ಕೆಯನ್ನೂ, ಲಿಪಿಯಿಂದ ಊಹಿಸಿದವಕ್ಕೆ ಟೊಳ್ಳು ಚುಕ್ಕೆಯನ್ನೂ ತುಂಡುಗೆರೆಯನ್ನೂ, ಒಂದು ಕಡೆಯ ಎಲ್ಲೆಯವಕ್ಕೆ ಬಾಣವನ್ನೂ, ಇಂಗಾಲದವಕ್ಕೆ ಅರವತ್ತೆಂಟರ ಎಲ್ಲೆಗೆ ದಪ್ಪ ಗೆರೆ, ತೊಂಬತ್ತೈದರ ಎಲ್ಲೆಗೆ ತೆಳು ಗೆರೆ ಎಂದೂ ಗೊತ್ತುಮಾಡಿದೆನು. ಪ್ರತಿಯೊಂದು ವರ್ಗಕ್ಕೂ ಆಜ್ಞೆಯನ್ನು ಬೇರೆಯಾಗಿ ಕೊಡಬೇಕಾಗುತ್ತದೆ. ತುಂಡುಗೆರೆಗೆ ಮಾತ್ರ ಸ್ವಲ್ಪ ಸಾಹಸವುಂಟು: ಆಜ್ಞೆಯು ಮುಗಿದ ಮೇಲೆ ಚುಕ್ಕೆ, ಅಡ್ಡಗೆರೆ, ರೇಖೆ ಎಂದು ಮೂರು ಭಾಗಗಳನ್ನು ಮರಳಿ ಕೊಡುತ್ತದೆ, ಅವುಗಳಲ್ಲಿ ಮೂರನೆಯದನ್ನು ಹಿಡಿದು ಅದರ ಶೈಲಿಯನ್ನು ಬದಲಾಯಿಸಬೇಕು.

೬. ಪೂರ್ವಪಕ್ಷ ಮತ್ತು ಸಮಾಧಾನ

ಈ ಪಟವನ್ನು ನೋಡಿದ ಮಿತ್ರರೊಬ್ಬರು ಎರಡು ಆಕ್ಷೇಪಗಳನ್ನು ಎತ್ತಿದರು. ಒಂದು: ಇಷ್ಟು ಉದ್ದದ ರೇಖೆಗಳನ್ನು ಕಂಡ ಜನರು ವಿದ್ವಾಂಸರಿಗೆ ಏನೂ ತಿಳಿಯದೆಂದು ಭಾವಿಸುವರು. ಇನ್ನೊಂದು: ರೇಖೆಗಳೆಲ್ಲ ಒಂದರ ಮೇಲೊಂದು ಬಿದ್ದರೆ ಕಾಲಾನುಕ್ರಮವೇ ಅಳಿದುಹೋಗುವುದಿಲ್ಲವೇ?

ಮೊದಲನೆಯದಕ್ಕೆ ಉತ್ತರ: ೩ನೆಯ ಶತಮಾನವೆಂದು ಒಬ್ಬರು, ೪ನೆಯ ಶತಮಾನವೆಂದು ಇನ್ನೊಬ್ಬರು ಚುಕ್ಕೆಯಿಟ್ಟು ಸಾರಿದಾಗ ಜನರು ಇಬ್ಬರನ್ನೂ ನಂಬದೆ ಹೋಗುವರು. ಇಬ್ಬರೂ ಮೊದಲಿನಿಂದಲೇ ರೇಖೆಯನ್ನು ಎಳೆದಿದ್ದರೆ, ಎರಡನೆಯವರ ಮಾತು ಮೊದಲನೆಯವರ ಸೋಲಾಗದೆ ರೇಖೆಯನ್ನು ಮೊಟಕುಮಾಡುವ ಪ್ರಯತ್ನವಾಗುತ್ತಿದ್ದಿತು.

ಎರಡನೆಯದಕ್ಕೆ ಉತ್ತರ: ಅನುಕ್ರಮವು ಅಳಿಯುವುದಿಲ್ಲ, ಇಲ್ಲದ ಕಡೆಯಲ್ಲಿ ಇದ್ದಂತೆ ತೋರುತ್ತಿದ್ದುದು ಅಳಿಯುತ್ತದೆ. ಶ್ರೀಪುರುಷನ ತಾಮ್ರಪಟವು ಚಂದ್ರವಳ್ಳಿಯ ಬಂಡೆಗಿಂತ ಈಚಿನದೆಂಬುದು ಎಷ್ಟು ಉದಾರವಾದ ರೇಖೆಗಳನ್ನು ಎಳೆದರೂ ಸ್ಥಿರವಾಗಿ ನಿಲ್ಲುತ್ತದೆ. ನಿಲ್ಲದುದು ಆ ಎರಡು ವೀರಗಲ್ಲುಗಳ ನಲವತ್ತು ವರ್ಷ. ಎರಡು ಸ್ವತಂತ್ರವಾದ ಅಂದಾಜುಗಳಲ್ಲಿ ಒಂದೊಂದಕ್ಕೂ ಐವತ್ತು ವರ್ಷಗಳ ಸಂಶಯವಿದ್ದರೆ, ಅವುಗಳ ಅಂತರದ ಸಂಶಯವು ಐವತ್ತರ ವರ್ಗಗಳ ಮೊತ್ತದ ವರ್ಗಮೂಲ, ಅಂದರೆ ಸುಮಾರು ೭೧. ನಲವತ್ತು ವರ್ಷಗಳ ಅಂತರಕ್ಕೆ ಎಪ್ಪತ್ತೊಂದು ವರ್ಷಗಳ ಸಂಶಯ! ಎರಡೂ ಊರುಗಳ ಅಂದಾಜನ್ನು ಒಬ್ಬನೇ ಒಂದೇ ಅಭ್ಯಾಸದಿಂದ ಮಾಡಿರುವುದರಿಂದ ಅವು ಪೂರ್ತಿ ಸ್ವತಂತ್ರವೂ ಅಲ್ಲವೆಂಬುದನ್ನು ಇಲ್ಲಿ ಸೇರಿಸಬೇಕು. ಹೇಗೆ ಎಣಿಸಿದರೂ, ಯಾವ ಊರು ಹಿರಿದೆಂದು ಹೇಳುವ ಅಧಿಕಾರವು ಆ ಅಕ್ಷರಗಳಿಂದ ನನಗೆ ಬಂದಿರಲಿಲ್ಲ.

೭. ಉಪಸಂಹಾರ

ಹೊಸ ಪಟವನ್ನು ಎರಡು ಗ್ರಾಮಗಳಿಗೂ ನಾನೇ ಕೊಂಡುಹೋಗಿ ತೋರಿಸಿದೆನು. ಮೊದಲನೆಯ ಗ್ರಾಮದವರಿಗೆ ಅಸಮಾಧಾನವಾಯಿತು; ಅದು ಸಹಜ. ಹಲಗೆಯಲ್ಲಿ ‘೮೪೦’ ಎಂಬುದರ ಹಿಂದೆ ‘ಸುಮಾರು’ ಎಂದು ಸೇರಿಸಲು ಒಪ್ಪಿದರು. ಸಂಖ್ಯೆಯನ್ನು ಅಳಿಸಲು ಒಪ್ಪಲಿಲ್ಲ. ಎರಡನೆಯ ಗ್ರಾಮದ ಆ ಹಿರಿಯರು ತುಂಡುಗೆರೆಗಳೆರಡನ್ನೂ ಬೆರಳಿನಿಂದ ಅಳೆದು ನೋಡಿ, ‘ಹಾಗಾದರೆ ನಾವೂ ಹಿರಿಯರೆನ್ನುವ ಹಾಗಿಲ್ಲ’ ಎಂದರು. ಹೌದೆಂದೆನು.

ನಮ್ಮ ಸೀಮೆಯ ವರ್ಷವಿಲ್ಲದ ಶಾಸನಗಳನ್ನು ಓದಿರುವ ಮಹನೀಯರು ತಾವು ಊಹಿಸಿದ ಕಾಲವನ್ನು ಮಾತ್ರವಲ್ಲದೆ, ಅದಕ್ಕಿಂತ ಹಿಂದೆ ಎಲ್ಲಿಯವರೆಗೆ, ಮುಂದೆ ಎಲ್ಲಿಯವರೆಗೆ ಹೋಗಬಹುದೆಂಬುದನ್ನೂ, ಹಾಗೆ ಊಹಿಸಲು ಯಾವ ಅಕ್ಷರ ಅಥವಾ ಯಾವ ಪದವು ಆಧಾರವೆಂಬುದನ್ನೂ ಬರೆದು ತಿಳಿಸಿದರೆ, ಪಟ್ಟಿಯಲ್ಲಿ ಅವನ್ನು ಕೃತಜ್ಞತೆಯಿಂದ ಸೇರಿಸಲಾಗುವುದು. ಪಟ್ಟಿಯು ಬದಲಾದರೆ ಆಜ್ಞೆಯನ್ನು ಮತ್ತೊಮ್ಮೆ ನಡೆಸಿದರಾಯಿತು, ಪಟವು ತಾನಾಗಿ ಬದಲಾಗುತ್ತದೆ. ಕೈಯಿಂದ ಬರೆದ ಹಳೆಯ ಪಟಕ್ಕೆ ಈ ಗುಣವಿರಲಿಲ್ಲ. ಗಣಿತದ ಭಾಗದಲ್ಲಿ ನಾನು ಹೊಸಬನಾದುದರಿಂದ ಸ್ಖಾಲಿತ್ಯಗಳು ಇದ್ದೇ ಇರುವುವು. ಬಲ್ಲವರು ಅವನ್ನು ತಿದ್ದಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.